ಮಾತಿಲ್ಲದ ಆಲ್ಬಂ ಕೇಳುವುದು ಹೇಗೆ: ಮೊಗ್ವಾಯ್ ಬ್ಯಾಂಡಿನ ‘ದಿ ಬ್ಯಾಡ್ ಫೈರ್’ ಜೊತೆ ಒಂದು ವಾರ

ಒಂದು ಜೊತೆ ಹೆಡ್‌ಫೋನ್, ಒಂದು ಗಂಟೆ ಬಿಡುವು, ಒಂದು ಪೆನ್ಸಿಲ್. ಇಷ್ಟಿದ್ದರೆ ಸಾಕು. ರಾಕ್ ಸಂಗೀತ ಗೊತ್ತಿರಲೇಬೇಕು ಅಂತೇನಿಲ್ಲ.

ಮೊಗ್ವಾಯ್ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬ್ಯಾಂಡ್. ಶುರುವಾಗಿದ್ದು 1995ರಲ್ಲಿ. ಈಗ ಇರುವವರು ನಾಲ್ವರು: ಗಿಟಾರ್‌ಗೆ ಸ್ಟುವರ್ಟ್ ಬ್ರೇಥ್‌ವೇಟ್, ಬೇಸ್ ಗಿಟಾರ್‌ಗೆ ಡೊಮಿನಿಕ್ ಏಚಿಸನ್, ಡ್ರಮ್ಸ್‌ಗೆ ಮಾರ್ಟಿನ್ ಬುಲಕ್, ಕೀಬೋರ್ಡ್ ಮತ್ತು ಗಿಟಾರ್ ಎರಡಕ್ಕೂ ಬ್ಯಾರಿ ಬರ್ನ್ಸ್. 2025ರ ಜನವರಿ 24ರಂದು ಇವರ 11ನೇ ಸ್ಟುಡಿಯೋ ಆಲ್ಬಂ ‘ದಿ ಬ್ಯಾಡ್ ಫೈರ್’ ಬಂತು. ಅದರಲ್ಲಿ 10 ಹಾಡುಗಳಿವೆ. ಹಾಡು ಅಂತ ಬರೆದೆ, ಆದರೆ ಹೆಚ್ಚಿನವುಗಳಲ್ಲಿ ಹಾಡುವವರೇ ಇಲ್ಲ. ಎರಡು ಮೂರು ಕಡೆ ದನಿ ಬರುತ್ತದೆ. ಅಲ್ಲೂ ಪದಗಳು ವಾದ್ಯಗಳ ನಡುವೆ ಅರ್ಧ ಮುಳುಗಿರುತ್ತವೆ.

ಮನೆಯಲ್ಲಿ ಮೊದಲ ಸಲ ಇದನ್ನು ಸ್ಪೀಕರಿನಲ್ಲಿ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಕೇಳಿದರು, “ಹಾಡೋಕೆ ಯಾವಾಗ ಶುರು ಮಾಡ್ತಾರೆ?” ಆ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ನಮ್ಮಲ್ಲಿ ಹೆಚ್ಚಿನವರು ಹೀಗೇ ಕಾಯುತ್ತೇವೆ. ಹಿನ್ನೆಲೆ ಸಂಗೀತ ಬಂತು, ಇನ್ನು ಪಲ್ಲವಿ ಬರಬೇಕು. ಎರಡು ನಿಮಿಷ ಕಾದರೂ ಬರದಿದ್ದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಈ ಕಾಯುವಿಕೆಯನ್ನು ಬಿಡುವುದು ಹೇಗೆ, ಬಿಟ್ಟಮೇಲೆ ಏನನ್ನು ಹಿಡಿದುಕೊಂಡು ಕೇಳಬೇಕು ಅನ್ನುವುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು: ಕಿವಿಗೆ ಏನು ಕೆಲಸ ಕೊಡಬೇಕು

ಈ ಬಗೆಯ ಸಂಗೀತವನ್ನು ಪೋಸ್ಟ್-ರಾಕ್ ಅನ್ನುತ್ತಾರೆ. 1994ರಲ್ಲಿ ಇಂಗ್ಲೆಂಡಿನ ವಿಮರ್ಶಕ ಸೈಮನ್ ರೇನಾಲ್ಡ್ಸ್ ಬರೆದಮೇಲೆ ಈ ಹೆಸರು ಚಾಲ್ತಿಗೆ ಬಂತು. ರಾಕ್ ಬ್ಯಾಂಡಿನ ವಾದ್ಯಗಳೇ ಇರುತ್ತವೆ. ಅದೇ ಗಿಟಾರ್, ಅದೇ ಡ್ರಮ್ಸ್. ಆದರೆ ಪಲ್ಲವಿ, ಚರಣ ಅನ್ನುವ ಕಟ್ಟು ಇರುವುದಿಲ್ಲ. ನಾಲ್ಕೈದು ಸ್ವರಗಳ ಒಂದು ಸಣ್ಣ ತುಣುಕು ಶುರುವಾಗುತ್ತದೆ. ಅದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಸದ್ದು ಏರುತ್ತಾ ಹೋಗಿ ಒಂದು ಹಂತದಲ್ಲಿ ಗೋಡೆಯ ಹಾಗೆ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ, ಇಲ್ಲವೇ ಥಟ್ಟನೆ ನಿಂತುಬಿಡುತ್ತದೆ.

ಅಂದರೆ ಇಲ್ಲಿ ಕಥೆ ಇರುವುದು ಸದ್ದಿನ ಏರಿಳಿತದಲ್ಲಿ. ಇದೊಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಫೋನ್ ಸೆಟ್ಟಿಂಗ್, ವಾಲ್ಯೂಮ್, ಪೆನ್ಸಿಲ್ ಎಲ್ಲವೂ ಈ ಏರಿಳಿತವನ್ನು ಹಾಳಾಗದಂತೆ ಕಾಪಾಡುವುದಕ್ಕೇ.

ಪದವಿಲ್ಲದ ಸಂಗೀತ ನಮಗೇನೂ ಹೊಸದಲ್ಲ. ಮದುವೆಮನೆಯ ನಾಗಸ್ವರ, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದವರಿದ್ದೇವೆ. ಆದರೆ ರಾಗ ಕೇಳುವ ಕಿವಿಯನ್ನೇ ಇಲ್ಲಿಗೂ ತಂದರೆ ಬೇಸರವಾಗುತ್ತದೆ. ಆಲಾಪನೆಯಲ್ಲಿ ಸ್ವರ ಬೆಳೆಯುತ್ತದೆ, ಹೊಸ ಹೊಸ ದಾರಿ ಹಿಡಿಯುತ್ತದೆ. ಇಲ್ಲಿ ಸ್ವರ ಇದ್ದಲ್ಲೇ ಇರುತ್ತದೆ, ಬೆಳೆಯುವುದು ಅದರ ತೂಕ. ನನಗೆ ಇದಕ್ಕಿಂತ ಹತ್ತಿರ ಅನ್ನಿಸುವುದು ಯಕ್ಷಗಾನದ ಚಂಡೆ. ಯುದ್ಧದ ಸನ್ನಿವೇಶದಲ್ಲಿ ಚಂಡೆ ಏರುತ್ತಾ ಹೋಗುವಾಗ ಮುಂದಿನ ಪೆಟ್ಟು ಏನು ಅಂತ ನಮಗೆ ಗೊತ್ತೇ ಇರುತ್ತದೆ. ಆದರೂ ಮೈ ಬಿಗಿಯುತ್ತದೆ ಅಲ್ವಾ? ಆ ಕಿವಿಯನ್ನು ತನ್ನಿ.

ಫೋನನ್ನು ಸರಿ ಮಾಡಿಕೊಳ್ಳಿ

ಇದು ಹತ್ತು ನಿಮಿಷದ ಕೆಲಸ. ಜಾಸ್ತಿ ಜನ ಮಾಡುವುದಿಲ್ಲ. ನಾನೂ ವರ್ಷಗಟ್ಟಲೆ ಮಾಡಿರಲಿಲ್ಲ. ಮಾಡಿದ ದಿನ ಹಳೇ ಆಲ್ಬಂಗಳನ್ನೆಲ್ಲ ಮತ್ತೆ ಕೇಳಬೇಕು ಅನ್ನಿಸಿತು.

ಮೊದಲು ಶಫಲ್ ಆಫ್ ಮಾಡಿ. ಹಾಡುಗಳನ್ನು ಬ್ಯಾಂಡ್ ಯಾವ ಸಾಲಿನಲ್ಲಿ ಜೋಡಿಸಿದೆಯೋ ಅದೇ ಸಾಲಿನಲ್ಲಿ ಕೇಳಬೇಕು. ಗಲಾಟೆಯ ಹಾಡಿನ ಪಕ್ಕ ಮೆತ್ತನೆಯ ಹಾಡು ಬಂದಿದ್ದರೆ ಅದು ಬೇಕಂತಲೇ ಇಟ್ಟದ್ದು.

ಆಮೇಲೆ ಕ್ರಾಸ್‌ಫೇಡ್. ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದನ್ನು ಅದರ ಮೇಲೆ ತಂದು ಕೂರಿಸುವ ಸೆಟ್ಟಿಂಗ್ ಇದು. ಪಾರ್ಟಿಯಲ್ಲಿ ಚೆನ್ನಾಗಿರುತ್ತದೆ. ಇಲ್ಲಿ ಬೇಡ. ಹಾಡಿನ ಕೊನೆಯಲ್ಲಿ ಗಿಟಾರಿನ ಗುಂಯ್‌ಗುಡುವಿಕೆ ನಿಧಾನಕ್ಕೆ ಕರಗುವ ಏಳೆಂಟು ಸೆಕೆಂಡುಗಳನ್ನು ಅದು ನುಂಗಿಬಿಡುತ್ತದೆ. ಗ್ಯಾಪ್‌ಲೆಸ್ ಅನ್ನುವುದು ಬೇರೆ, ಅದು ಎರಡು ಹಾಡುಗಳ ನಡುವೆ ಆ್ಯಪ್ ತಾನಾಗಿ ಖಾಲಿ ಜಾಗ ಸೇರಿಸದಂತೆ ನೋಡಿಕೊಳ್ಳುತ್ತದೆ. ಅದನ್ನು ಆನ್ ಇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸ್ಪಾಟಿಫೈನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಅಂತ ಇದೆ. ಆಪಲ್ ಮ್ಯೂಸಿಕ್‌ನಲ್ಲಿ ಸೌಂಡ್ ಚೆಕ್ ಅನ್ನುತ್ತಾರೆ. ಎಲ್ಲ ಹಾಡುಗಳ ಸದ್ದನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತರುವುದು ಅದರ ಕೆಲಸ. ಸ್ಪಾಟಿಫೈನಲ್ಲಿ ಆಲ್ಬಂ ಅನ್ನು ಸಾಲಾಗಿ ಕೇಳಿದರೆ ಇಡೀ ಆಲ್ಬಂಗೆ ಒಂದೇ ಅಳತೆ ಹಾಕುತ್ತದೆ. ಮೆತ್ತನೆಯ ಹಾಡು ಮೆತ್ತಗೇ ಉಳಿಯುತ್ತದೆ. ಶಫಲ್ ಮಾಡಿದರೆ, ಬೇರೆ ಬೇರೆ ಆಲ್ಬಂಗಳಿಂದ ಪ್ಲೇಲಿಸ್ಟ್ ಮಾಡಿ ಕೇಳಿದರೆ, ಒಂದೊಂದು ಹಾಡಿಗೂ ಬೇರೆ ಅಳತೆ. ಆಗ ಪಿಸುಮಾತಿನಂಥ ಹಾಡೂ ಗಲಾಟೆಯ ಹಾಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಈ ಸೆಟ್ಟಿಂಗನ್ನು ಆಫ್ ಮಾಡುವುದು ಒಳ್ಳೆಯದು. ಆನ್ ಇರಲೇಬೇಕು ಅಂದರೆ ‘ಲೌಡ್’ ಅನ್ನುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಅದು ಸದ್ದಿನ ತುದಿಗಳನ್ನು ಅದುಮುತ್ತದೆ.

ಈಕ್ವಲೈಜರಿನಲ್ಲಿ ಬೇಸ್ ಬೂಸ್ಟ್ ಹಾಕಿದ್ದರೆ ತೆಗೆಯಿರಿ. ನೋಟಿಫಿಕೇಶನ್ ಬಂದ್ ಮಾಡಿ. ಉಚಿತ ಖಾತೆಯಾದರೆ ಹಾಡುಗಳ ನಡುವೆ ಜಾಹೀರಾತು ಬರುತ್ತದೆ, ಅದು ಈ ಆಲ್ಬಂಗೆ ದೊಡ್ಡ ಪೆಟ್ಟು. ಮೊಗ್ವಾಯ್‌ನವರ ಆಲ್ಬಂಗಳು ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲೂ ಸಿಗುತ್ತವೆ. ಅಲ್ಲಿ ಕೊಂಡರೆ ಫ್ಲ್ಯಾಕ್ ಫೈಲು (ಸದ್ದಿನ ಗುಣಮಟ್ಟ ಕುಗ್ಗದ ಫೈಲು) ಇಳಿಸಿಕೊಳ್ಳಬಹುದು, ನೆಟ್ ಇಲ್ಲದೆಯೂ ಕೇಳಬಹುದು. ಆಲ್ಬಂ ಹೊರತರುವ ರಾಕ್ ಆ್ಯಕ್ಷನ್ ಅನ್ನುವ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಈ ಬ್ಯಾಂಡಿನದೇ. ಕೊಟ್ಟ ದುಡ್ಡು ಸಂಗೀತಗಾರರಿಗೇ ಹತ್ತಿರವಾಗಿ ಹೋಗುತ್ತದೆ ಅನ್ನುವ ಸಮಾಧಾನ ನನಗಿದೆ.

ಇಯರ್‌ಫೋನ್ ದುಬಾರಿಯದ್ದೇ ಆಗಬೇಕಿಲ್ಲ. ಆದರೆ ಬಸ್ಸು, ಮೆಟ್ರೋದಲ್ಲಿ ಮೊದಲ ಸಲ ಕೇಳಬೇಡಿ. ಸುತ್ತಲಿನ ಗದ್ದಲದಲ್ಲಿ ಮೆತ್ತನೆಯ ಭಾಗ ಕೇಳಿಸುವುದೇ ಇಲ್ಲ. ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತೀರಿ. ಆಮೇಲೆ ಗಿಟಾರುಗಳೆಲ್ಲ ಒಟ್ಟಿಗೆ ಬಂದಾಗ ಕಿವಿ ನೋಯುತ್ತದೆ.

ವಾಲ್ಯೂಮ್: ಗಲಾಟೆಯ ಹಾಡಿನಿಂದ ಶುರು ಮಾಡಿ

ಇದು ನಾನು ಕಂಡುಕೊಂಡ ದಾರಿ. ಯಾರಿಗಾದರೂ ಈ ಸಂಗೀತ ಪರಿಚಯ ಮಾಡಿಸುವಾಗ ಮೊದಲು ಇದನ್ನೇ ಹೇಳುತ್ತೇನೆ.

ನಾವೆಲ್ಲ ವಾಲ್ಯೂಮ್ ಇಡುವುದು ಹಾಡಿನ ಮೊದಲ ಹತ್ತು ಸೆಕೆಂಡು ಕೇಳಿ. ಪೋಸ್ಟ್-ರಾಕ್ ಹಾಡು ಹೆಚ್ಚಾಗಿ ಮೆತ್ತಗೆ ಶುರುವಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಬಿಡುತ್ತೇವೆ. ನಾಲ್ಕನೇ ನಿಮಿಷಕ್ಕೆ ಸದ್ದು ತುದಿ ಮುಟ್ಟಿದಾಗ ಗಾಬರಿಯಾಗಿ ಕಡಿಮೆ ಮಾಡುತ್ತೇವೆ. ಬ್ಯಾಂಡಿನವರು ನಾಲ್ಕು ನಿಮಿಷ ಕಷ್ಟಪಟ್ಟು ಕಟ್ಟಿದ್ದನ್ನು ನಮ್ಮ ಹೆಬ್ಬೆರಳೇ ಕೆಡವಿಬಿಡುತ್ತದೆ.

ಅದರ ಬದಲು ಹೀಗೆ ಮಾಡಿ. ‘ದಿ ಬ್ಯಾಡ್ ಫೈರ್’ ತೆರೆದು ನೇರ ಒಂಬತ್ತನೇ ಹಾಡಿಗೆ ಹೋಗಿ. ಅದರ ಹೆಸರು ‘ಲಯನ್ ರಂಪಸ್’. ಈ ಆಲ್ಬಂನ ನೇರಾನೇರ ರಾಕ್ ಹಾಡು ಅದು, ಗಿಟಾರ್ ಜೋರಾಗಿ ಬರುತ್ತದೆ. ಅರ್ಧ ನಿಮಿಷ ಕೇಳಿ. ‘ಜೋರಾಗಿದೆ, ಆದರೆ ಹಿತವಾಗಿದೆ’ ಅನ್ನುವಲ್ಲಿಗೆ ವಾಲ್ಯೂಮ್ ತಂದು ನಿಲ್ಲಿಸಿ. ಈಗ ಒಂದನೇ ಹಾಡಿಗೆ ವಾಪಸ್ ಬನ್ನಿ. ಸದ್ದು ಸಣ್ಣದು ಅನ್ನಿಸಬಹುದು. ಅನ್ನಿಸಲಿ, ಮುಟ್ಟಬೇಡಿ. ಸಣ್ಣ ಸದ್ದಿಗೆ ಕಿವಿ ತಾನಾಗಿ ಮುಂದೆ ಬಾಗುತ್ತದೆ. ಹಾಗೆ ಬಾಗಿದ ಕಿವಿಗೇ ಆಮೇಲಿನ ಏರುವಿಕೆ ತಾಕುವುದು.

ಕಿವಿಯ ಆರೋಗ್ಯದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತು ಡೆಸಿಬೆಲ್ ಏರಿದ್ದಕ್ಕೆ ಸಮಯ ಹತ್ತನೇ ಒಂದು ಪಾಲಿಗೆ ಇಳಿಯಿತು ನೋಡಿ. ಐಫೋನ್ ಹೆಡ್‌ಫೋನಿನ ಸದ್ದಿನ ಮಟ್ಟವನ್ನು ತೋರಿಸುತ್ತದೆ, ಕೆಲವು ಆ್ಯಂಡ್ರಾಯ್ಡ್ ಫೋನುಗಳೂ ಎಚ್ಚರಿಸುತ್ತವೆ. ಒಮ್ಮೆ ನೋಡಿಕೊಳ್ಳಿ.

ಮೊದಲ ಸಂಜೆ: ಸುಮ್ನೆ ಕೇಳಿ

ಇಡೀ ಆಲ್ಬಂ ಒಂದು ಗಂಟೆಗೆ ಸ್ವಲ್ಪ ಕಡಿಮೆ ಇದೆ. ಒಂದೇ ಸಲಕ್ಕೆ ಕೂತು ಕೇಳಿ. ದೀಪ ಆರಿಸಿ, ಕಣ್ಣು ಮುಚ್ಚಿ ಅಂತೆಲ್ಲ ನಾನು ಹೇಳುವುದಿಲ್ಲ. ಕೈಗೆ ಸಣ್ಣ ಕೆಲಸ ಇದ್ದರೆ ಇನ್ನೂ ಒಳ್ಳೆಯದು. ಬಟ್ಟೆ ಮಡಚಿ, ಅವರೆಕಾಳು ಬಿಡಿಸಿ. ಓದುವುದು, ಬರೆಯುವುದು, ಫೋನ್ ನೋಡುವುದು ಮಾತ್ರ ಬೇಡ. ಪದ ಕಂಡ ಕೂಡಲೇ ತಲೆ ಅದರ ಹಿಂದೆ ಹೋಗುತ್ತದೆ.

ಮನಸ್ಸು ಅಲೆಯಲು ಶುರುವಾದರೆ ಒಂದೇ ವಾದ್ಯವನ್ನು ಹಿಡಿದುಕೊಳ್ಳಿ. ಡ್ರಮ್ಸ್ ಹಿಡಿಯಿರಿ ಅಂತ ನನ್ನ ಸಲಹೆ. ಗಿಟಾರುಗಳು ಒಂದರೊಳಗೊಂದು ಬೆರೆತು ಯಾವುದು ಯಾರದ್ದು ಅಂತ ತಿಳಿಯುವುದಿಲ್ಲ. ಕೀಬೋರ್ಡ್ ಮತ್ತು ಗಿಟಾರ್ ನಡುವೆಯೇ ಎಷ್ಟೋ ಸಲ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾರ್ಟಿನ್ ಬುಲಕ್‌ರ ಡ್ರಮ್ಸ್ ಮಾತ್ರ ಎಲ್ಲ ಗದ್ದಲದ ನಡುವೆಯೂ ಬೇರೆಯಾಗಿ ಕೇಳಿಸುತ್ತದೆ. ಅವರು ಅವಸರ ಮಾಡುವುದಿಲ್ಲ. ಅವರು ಎಲ್ಲಿ ಸುಮ್ಮನಿದ್ದಾರೆ, ಎಲ್ಲಿ ಒಳಗೆ ಬಂದರು ಅನ್ನುವುದನ್ನು ಗಮನಿಸಿದರೆ ಸಾಕು, ಹಾಡಿನ ಅರ್ಧ ಕಟ್ಟು ತಿಳಿದುಬಿಡುತ್ತದೆ.

ಬೇಸರವಾದರೆ? ಆಗಲಿ. ನಿಲ್ಲಿಸಬೇಡಿ. ಮೊದಲ ಸಲ ಮೂರನೇ ಹಾಡಿನ ಹೊತ್ತಿಗೆ ನನಗೂ ಗಮನ ಜಾರಿತ್ತು. ಎಂಟನೆಯ ಹೊತ್ತಿಗೆ ವಾಪಸ್ ಬಂತು.

ಎರಡು ದಿನ ಬಿಟ್ಟು: ಪೆನ್ಸಿಲ್ ಹಿಡಿಯಿರಿ

ಈಗ ಇಡೀ ಆಲ್ಬಂ ಬೇಡ. ಒಂದೇ ಹಾಡು ತೆಗೆದುಕೊಳ್ಳಿ. ಮೊದಲ ಹಾಡು ‘ಗಾಡ್ ಗೆಟ್ಸ್ ಯು ಬ್ಯಾಕ್’ ಇದಕ್ಕೆ ಸರಿಯಾಗಿದೆ.

ಕಾಗದದ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಅದು ಸಮಯ. ಹಾಡು ಶುರುವಾದ ಕೂಡಲೇ ಪೆನ್ಸಿಲನ್ನು ಗೆರೆಯ ಎಡತುದಿಯಲ್ಲಿಡಿ. ಸದ್ದು ಏರಿದಂತೆ ಮೇಲಕ್ಕೆ, ಇಳಿದಂತೆ ಕೆಳಕ್ಕೆ ಎಳೆಯುತ್ತಾ ಹೋಗಿ. ಹೊಸ ವಾದ್ಯವೊಂದು ಬಂದಾಗ ಚುಕ್ಕೆ ಇಡಿ. ಇಷ್ಟೇ.

ಈ ಹಾಡು ಸಿಂಥಸೈಜರಿನ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಸಣ್ಣ ಸಣ್ಣ ಸ್ವರಗಳ ಓಟದಿಂದ ಶುರುವಾಗುತ್ತದೆ. ಅದು ನಿಲ್ಲುವುದೇ ಇಲ್ಲ. ಮೇಲೆ ಏನೇನು ಬಂದರೂ ಅಡಿಯಲ್ಲಿ ಅದು ಓಡುತ್ತಲೇ ಇರುತ್ತದೆ. ಡ್ರಮ್ಸ್ ಬರುತ್ತದೆ, ಆಮೇಲೆ ಯಂತ್ರದೊಳಗಿಂದ ಬಂದಂಥ ಮನುಷ್ಯರ ದನಿ, ಗಿಟಾರ್. ನಿಮ್ಮ ಚಿತ್ರ ಬೆಟ್ಟದ ಹಾಗೆ ಒಂದೇ ಏರು ಆಗಿರುತ್ತದೆ ಅಂತ ಅಂದುಕೊಂಡಿರುತ್ತೀರಿ. ಆಗಿರುವುದಿಲ್ಲ. ನನ್ನದು ಮೆಟ್ಟಿಲಿನ ಹಾಗೆ ಬಂತು. ಒಂದು ಹಂತ ಏರುವುದು, ಅಲ್ಲೇ ತುಂಬ ಹೊತ್ತು ನಿಲ್ಲುವುದು, ನಾವು ಅದಕ್ಕೆ ಒಗ್ಗಿಕೊಂಡ ಮೇಲೆ ಇನ್ನೊಂದು ಹಂತ.

ಆ ‘ನಿಲ್ಲುವುದು’ ಅನ್ನುವುದೇ ನನಗೆ ಈ ಬ್ಯಾಂಡಿನ ದೊಡ್ಡ ಜಾಣ್ಮೆ ಅನ್ನಿಸುತ್ತದೆ. ಏರಿಸುವುದು ಸುಲಭ. ಯಾವ ಬ್ಯಾಂಡಾದರೂ ಏರಿಸುತ್ತದೆ. ಎಷ್ಟು ಹೊತ್ತು ಏರಿಸದೆ ಇರಬೇಕು ಅಂತ ತಿಳಿಯಲು 30 ವರ್ಷ ಒಟ್ಟಿಗೆ ನುಡಿಸಿರಬೇಕೇನೋ.

ಇದೇ ಕೆಲಸವನ್ನು ಆರನೇ ಹಾಡಿಗೂ ಮಾಡಿ. ‘ಇಫ್ ಯು ಫೈಂಡ್ ದಿಸ್ ವರ್ಲ್ಡ್ ಬ್ಯಾಡ್, ಯು ಶುಡ್ ಸೀ ಸಮ್ ಆಫ್ ದಿ ಅದರ್ಸ್’ ಅನ್ನುವ ಉದ್ದನೆ ಹೆಸರಿನದು. ನಿಧಾನ ಅಂದರೆ ನಿಧಾನ. ಈ ಆಲ್ಬಂನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ್ದು ಇದನ್ನೇ. ಸದ್ದು ತುಂಬಿಕೊಂಡಾಗ ಅದು ಕೋಪದ ಹಾಗೆ ಕೇಳಿಸುವುದಿಲ್ಲ. ತುಂಬ ದಿನ ತಡೆದುಕೊಂಡಿದ್ದ ಅಳು ಬಂದ ಹಾಗೆ ಕೇಳಿಸುತ್ತದೆ.

ಉಳಿದ ಹಾಡುಗಳಲ್ಲಿ ಎಲ್ಲಿ ನಿಲ್ಲಬೇಕು

ಎಲ್ಲದಕ್ಕೂ ಸಮ ಸಮಯ ಕೊಡಬೇಕಿಲ್ಲ. ನಾಲ್ಕನೆಯದು ‘ಫ್ಯಾನ್‌ಜೀನ್ ಮೇಡ್ ಆಫ್ ಫ್ಲೆಶ್’. ಇದರಲ್ಲಿ ವೋಕೋಡರ್ ಅನ್ನುವ ಯಂತ್ರದ ಮೂಲಕ ಬರುವ ದನಿ ಇದೆ. ವೋಕೋಡರ್ ಮನುಷ್ಯರ ದನಿಯ ಆಕಾರವನ್ನು ತೆಗೆದುಕೊಂಡು ಅದನ್ನು ಸಿಂಥಸೈಜರಿನ ಸ್ವರಕ್ಕೆ ಹೊದಿಸುತ್ತದೆ. ಪದ ಬಿಡಿಸಿಕೊಳ್ಳಲು ಹೋಗಬೇಡಿ, ಅದನ್ನೂ ಒಂದು ವಾದ್ಯ ಅಂದುಕೊಳ್ಳಿ. ಮಕ್ಕಳಿಗೆ ಕೇಳಿಸುವುದಾದರೆ ಇಲ್ಲಿಂದ ಶುರು ಮಾಡಿ, ಇದರಲ್ಲಿ ಖುಷಿ ಜಾಸ್ತಿ ಇದೆ.

ಏಳನೆಯದು ‘ಎಯ್ಟೀನ್ ವಾಲ್ಕೇನೋಸ್’. ಇಲ್ಲಿ ಯಂತ್ರವಿಲ್ಲದ ಬರಿ ದನಿ, ಮೆಲ್ಲಗೆ. ಅಷ್ಟು ಹೊತ್ತು ವಾದ್ಯಗಳನ್ನೇ ಕೇಳಿದ ಮೇಲೆ ಮನುಷ್ಯರ ದನಿ ಎಷ್ಟು ಹತ್ತಿರ ಬಂದ ಹಾಗೆ ಅನ್ನಿಸುತ್ತದೆ ಅನ್ನುವುದನ್ನು ಗಮನಿಸಿ. ಅದಕ್ಕೇ ಇದನ್ನು ಒಂದೊಂದಾಗಿ ಅಲ್ಲ, ಸಾಲಿನಲ್ಲೇ ಕೇಳಬೇಕು ಅಂದಿದ್ದು.

‘ಪೇಲ್ ವೀಗನ್ ಹಿಪ್ ಪೇನ್’ ಅನ್ನು ರಾತ್ರಿ ಕೇಳಿ. ಮೂರನೇ ಹಾಡು ನನಗೆ ಇನ್ನೂ ಒಳಗೆ ಬಿಟ್ಟಿಲ್ಲ. ನಿಮಗೆ ಬಿಡಬಹುದು.

ಹೆಸರುಗಳ ಹಿಂದೆ ಹೋಗಬೇಡಿ, ಒಂದನ್ನು ಬಿಟ್ಟು

ಪದಗಳಿಲ್ಲದಿದ್ದಾಗ ನಾವು ಹಾಡಿನ ಹೆಸರನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ‘ಲಯನ್’ ಅಂತಿದೆ, ಹಾಗಾದರೆ ಇದು ಸಿಂಹದ ಬಗ್ಗೆ ಇರಬೇಕು ಅಂತ. ಮೊಗ್ವಾಯ್ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತದೆ. ತಮಾಷೆಗೆ ಆಡಿದ ಮಾತು, ಎಲ್ಲೋ ಕಿವಿಗೆ ಬಿದ್ದ ವಾಕ್ಯಗಳನ್ನೇ ಅವರು ಹೆಸರಾಗಿ ಇಟ್ಟುಬಿಡುತ್ತಾರೆ. ಬ್ಯಾಂಡಿನ ಹೆಸರೂ ಅಷ್ಟೇ. ‘ಮೊಗ್ವಾಯ್’ ಅಂದರೆ ಕ್ಯಾಂಟನೀಸ್ ಭಾಷೆಯಲ್ಲಿ ದೆವ್ವ. ಇವರ ಸಂಗೀತದಲ್ಲಿ ಹೆದರಿಸುವ ಉದ್ದೇಶ ಏನೂ ಇಲ್ಲ.

ಆದರೆ ಆಲ್ಬಂನ ಹೆಸರು ಬೇರೆ. ‘ಬ್ಯಾಡ್ ಫೈರ್’ ಅಂದರೆ ಗ್ಲಾಸ್ಗೋದ ದುಡಿಯುವ ಜನರ ಆಡುಮಾತಿನಲ್ಲಿ ನರಕ. 2021ರಲ್ಲಿ ಇವರ ಹಿಂದಿನ ಆಲ್ಬಂ ‘ಆ್ಯಸ್ ದಿ ಲವ್ ಕಂಟಿನ್ಯೂಸ್’ ಬ್ರಿಟನ್ನಿನ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಮೊದಲ ಸಿಂಗಲ್ (ಆಲ್ಬಂ ಇಲ್ಲದೆ ಬಿಡಿಯಾಗಿ ಬಿಟ್ಟ ಹಾಡು) ಬಂದ 25 ವರ್ಷದ ಮೇಲೆ ಸಿಕ್ಕ ಜಯ ಅದು. ಅದಾದಮೇಲೆ ಬ್ಯಾಂಡಿನವರು ತಮ್ಮ ತಮ್ಮ ಬದುಕಿನಲ್ಲಿ ಕಷ್ಟದ ದಿನಗಳನ್ನು ಕಂಡರು, ಈ ಆಲ್ಬಂ ಬಂದಿದ್ದು ಅವುಗಳ ನಂತರ. ಇದನ್ನು ಮೊದಲ ಸಲ ಕೇಳಿದ ಮೇಲೆ ತಿಳಿದುಕೊಂಡರೆ ಒಳ್ಳೆಯದು, ಅದಕ್ಕೇ ಇಲ್ಲಿಯ ತನಕ ಹೇಳಲಿಲ್ಲ. ಮೊದಲೇ ಗೊತ್ತಿದ್ದರೆ ಪ್ರತಿ ಸ್ವರದಲ್ಲೂ ದುಃಖ ಹುಡುಕುತ್ತೀರಿ. ಈ ಆಲ್ಬಂನಲ್ಲಿ ಅಷ್ಟು ದುಃಖ ಇಲ್ಲ. ನರಕ ಅಂತ ಹೆಸರಿಟ್ಟುಕೊಂಡ ಇದು ಹೆಚ್ಚಿನ ಕಡೆ ಬೆಳಕಾಗಿಯೇ ಇದೆ.

ವಾರ ಮುಗಿದ ಮೇಲೆ ಎಲ್ಲಿಗೆ

ಇಷ್ಟವಾದರೆ ಹಿಂದಕ್ಕೆ ನಡೆಯಿರಿ. ಮೊದಲು 2021ರ ಆಲ್ಬಂ. ಕೋವಿಡ್ ಕಾಲದಲ್ಲಿ ಬ್ಯಾಂಡ್ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ನುಡಿಸಿತು, ನಿರ್ಮಾಪಕ ಡೇವ್ ಫ್ರಿಡ್‌ಮನ್ ಅಮೆರಿಕದಲ್ಲಿ ಕೂತು ವಿಡಿಯೋ ಕರೆಯಲ್ಲೇ ರೆಕಾರ್ಡಿಂಗ್ ನಡೆಸಿದರು. ಕೇಳಿದರೆ ಹಾಗೆ ಅನ್ನಿಸುವುದೇ ಇಲ್ಲ. ಆಮೇಲೆ ಒಂದೇ ಜಿಗಿತಕ್ಕೆ 1997ರ ಮೊದಲ ಆಲ್ಬಂ ‘ಮೊಗ್ವಾಯ್ ಯಂಗ್ ಟೀಮ್’. ಅದರ ಕೊನೆಯ ಹಾಡು 16 ನಿಮಿಷದ್ದು. ಹೆಚ್ಚುಕಮ್ಮಿ ಒಂದೇ ತುಣುಕಿನ ಮೇಲೆ ಇಡೀ ಹಾಡು ನಿಂತಿದೆ, ನಡುವೆ ಕೊಳಲಿನ ದನಿ ಬರುತ್ತದೆ. ಪೆನ್ಸಿಲ್ ಹಿಡಿದು ಅಭ್ಯಾಸ ಆದವರಿಗೆ ಅದು ಹಬ್ಬ.

‘ದಿ ಬ್ಯಾಡ್ ಫೈರ್’ನ ನಿರ್ಮಾಪಕ ಜಾನ್ ಕಾಂಗಲ್ಟನ್. ಅಮೆರಿಕದ ಟೆಕ್ಸಸ್‌ನ ‘ಎಕ್ಸ್‌ಪ್ಲೋಶನ್ಸ್ ಇನ್ ದಿ ಸ್ಕೈ’ ಬ್ಯಾಂಡಿನ ಜೊತೆಗೂ ಕೆಲಸ ಮಾಡಿದವರು. ಆ ಬ್ಯಾಂಡಿನಲ್ಲಿ ಹಾಡುವವರು ಇಲ್ಲವೇ ಇಲ್ಲ, ಗಿಟಾರುಗಳೇ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಮೆಲೋಡಿ ಇಷ್ಟಪಡುವವರು ಅಲ್ಲಿಗೆ ಹೋಗಿ. ಇನ್ನೂ ದೊಡ್ಡದು, ಕತ್ತಲಿನದು ಬೇಕಾದವರು ಕೆನಡಾದ ಮಾಂಟ್ರಿಯಲ್‌ನ ‘ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್’ ಕೇಳಿ. ಜಪಾನಿನ ‘ಮೋನೋ’ ಬ್ಯಾಂಡಿನದು ಪಿಟೀಲುಗಳ ಜೊತೆ ಕಟ್ಟಿದ ಏರು.

ನಮ್ಮ ದೇಶದಲ್ಲೂ ಇದನ್ನು ನುಡಿಸುವವರಿದ್ದಾರೆ. ‘ಆ್ಯಸ್‌ವಿಕೀಪ್‌ಸರ್ಚಿಂಗ್’ ಬ್ಯಾಂಡಿನ 2017ರ ‘ಜಿಯಾ’ ಆಲ್ಬಂನಿಂದ ಶುರು ಮಾಡಿ. ಅದರಲ್ಲಿ ಅಲ್ಲಲ್ಲಿ ಹಿಂದಿ ದನಿ ಬರುತ್ತದೆ. ಬೆಂಗಳೂರಿನ ‘ಅಂಟಿಲ್ ವಿ ಲಾಸ್ಟ್’ ಬ್ಯಾಂಡನ್ನೂ ಹುಡುಕಿ ಕೇಳಿ.

ನೇರವಾಗಿ ಕೇಳುವ ಅವಕಾಶ ಸಿಕ್ಕರೆ

ಯುರೋಪು, ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಬ್ಯಾಂಡುಗಳನ್ನು ವೇದಿಕೆಯ ಮೇಲೆ ನೋಡುವ ಅವಕಾಶ ಜಾಸ್ತಿ. ಹೋಗಿ, ತಪ್ಪಿಸಿಕೊಳ್ಳಬೇಡಿ. ಆದರೆ ಮೊಗ್ವಾಯ್ ಕಾರ್ಯಕ್ರಮಗಳ ಸದ್ದು ಹೆಸರುವಾಸಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ಸಲಹೆ ಮಾಡಿದೆ. ಅಷ್ಟೇ ಇದ್ದರೂ ಎರಡು ಗಂಟೆ ಬರಿಗಿವಿಯಲ್ಲಿ ನಿಲ್ಲುವುದು ಒಳ್ಳೆಯದಲ್ಲ.

ಇಯರ್‌ಪ್ಲಗ್ ತೆಗೆದುಕೊಂಡು ಹೋಗಿ. ಹತ್ತಿ ತುರುಕಿಕೊಂಡರೆ ಪ್ರಯೋಜನವಿಲ್ಲ. ಸಂಗೀತ ಕೇಳುವವರಿಗೆ ಅಂತಲೇ ಮಾಡಿದ ಪ್ಲಗ್ ಸಿಗುತ್ತವೆ. ಅವು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮನಾಗಿ ತಗ್ಗಿಸುತ್ತವೆ, ಸಂಗೀತ ಮಂಕಾಗುವುದಿಲ್ಲ. ಸ್ಪೀಕರ್‌ಗಳ ಮುಂದೆಯೇ ನಿಲ್ಲಬೇಡಿ. ಸೌಂಡ್ ಎಂಜಿನಿಯರ್ ಕೂತಿರುವ ಮೇಜಿನ ಹತ್ತಿರ ಜಾಗ ಹಿಡಿಯಿರಿ, ಅವರು ಸದ್ದನ್ನು ಹೊಂದಿಸುವುದು ಅಲ್ಲಿ ಕೇಳಿಸುವುದನ್ನು ನೋಡಿಯೇ.

ಪ್ಲಗ್ಗನ್ನು ಒಳಗೆ ಹೋಗುವ ಮುಂಚೆಯೇ ಹಾಕಿಕೊಳ್ಳಿ. ಮೆತ್ತನೆಯ ಹಾಡು ಬಂತು ಅಂತ ನಡುವೆ ತೆಗೆಯಬೇಡಿ. ಈ ಬ್ಯಾಂಡು ಮೆತ್ತಗಿದೆ ಅಂದರೆ ಮುಂದೆ ಏನೋ ಬರುತ್ತಿದೆ ಅಂತ ಅರ್ಥ.